ದಾಗಿತ್ ಬೀಳುವ ದಿನ

೧೯೫೨ನೇ ಇಸವಿ, ಸೆಪ್ಟೆಂಬರ್ ನಾಲ್ಕು, ಗುರುವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಮನಿಲಾದ ಸಾಂತಾ ಕ್ರೂಸ್ ಠಾಣೆಗೆ ಸಿಂಪ್ಲಿಸಿಯೋ ಆರಿಯೆತಾ ಎಂಬುವರು ಬಂದು ದೂರು ಕೊಟ್ಟರು. ವಯಸ್ಸು ಐವತ್ತೆರಡು, ಕಾಮಿಕ್ಸ್ ವಾರಪತ್ರಿಕೆಯೊಂದರ ಸಂಪಾದಕರು. ದೂರು ಬರೆದುಕೊಂಡವರು ಸಾರ್ಜೆಂಟ್ ಅನಾಕ್ಲೆಟೋ ದುಮ್ಲಾವ್.

ಸಂಪಾದಕರು ಮೇಜಿನ ಮೇಲೆ ಮೂರು ಹಾಳೆ ಇಟ್ಟರು. ಒಂದು ತಮ್ಮ ಪತ್ರಿಕೆಗೆ ಬಂದದ್ದು, ಒಂದು ರೇಡಿಯೋ ನಿಲಯಕ್ಕೆ, ಇನ್ನೊಂದು ಸಿನಿಮಾ ಕಂಪನಿಗೆ. ಮೂರರಲ್ಲೂ ನಡುಗುವ ದೊಡ್ಡ ಅಕ್ಷರಗಳಲ್ಲಿ ಒಂದೇ ಮಾತಿತ್ತು. "ಇದೇ ಇಪ್ಪತ್ತನೇ ತಾರೀಖು ದಾಗಿತ್ ಬೀಳುತ್ತಾನೆ. ಮಕ್ಕಳೆಲ್ಲ ನೋಡಲಿ."

ದಾಗಿತ್ ಯಾರು ಎಂದು ದುಮ್ಲಾವ್ ಕೇಳಲಿಲ್ಲ. ಆ ವರ್ಷ ಮನಿಲಾದಲ್ಲಿ ಹಾಗೆ ಕೇಳುವ ಮನುಷ್ಯ ಇರಲಿಲ್ಲ. ಹೆಗಲಿನ ಕೆಂಪು ಬಟ್ಟೆಯನ್ನೇ ರೆಕ್ಕೆ ಮಾಡಿಕೊಂಡು ಹಾರುವವನು, ಗುಂಡು ತಾಗಿದರೂ ಸಾಯದವನು. ಎರಡು ವರ್ಷದ ಹಿಂದೆ ವಾರಕ್ಕೆ ನಾಲ್ಕು ಪುಟದಂತೆ ಈ ಪತ್ರಿಕೆಯಲ್ಲಿ ಹುಟ್ಟಿದ. ಆರು ತಿಂಗಳಿಗೆ ರೇಡಿಯೋಗೆ ಹೋದ. ಈಗ ಸಿನಿಮಾಕ್ಕೆ ಹೋಗಿದ್ದ. ಪತ್ರಿಕೆಯಲ್ಲಿ ಕತೆ ಇನ್ನೂ ಮುಗಿದಿರಲಿಲ್ಲ, ಸಿನಿಮಾದವರು ಮುಕ್ಕಾಲು ಚಿತ್ರ ತೆಗೆದು ಕೊನೆಗಾಗಿ ಕಾಯುತ್ತಿದ್ದರು. ಆಗೆಲ್ಲ ಹಾಗೇ ನಡೆಯುತ್ತಿತ್ತು.

"ಇಪ್ಪತ್ತಕ್ಕೆ ಏನಿದೆ?" ಎಂದರು ದುಮ್ಲಾವ್.

"ಸಿನಿಮಾದ ಪ್ರಚಾರ. ಸಂಜೆ ನಾಲ್ಕೂವರೆಗೆ ಅವೆನಿಡಾ ಬೀದಿಯ ಥಿಯೇಟರ್ ಮಾಡಿನ ಮೇಲಿಂದ ದಾಗಿತ್ ಎದುರು ಕಟ್ಟಡಕ್ಕೆ ಹಾರ್ತಾನೆ. ತಂತಿ ಮೇಲೆ."

"ಎಷ್ಟು ಎತ್ತರ?"

"ನಾಲ್ಕು ಮಹಡಿ. ಕೆಳಗೆ ಹತ್ತು ಸಾವಿರ ಮಕ್ಕಳು ಸೇರ್ತಾರೆ ಅಂತ ಅಂದಾಜು."

"ನಿಲ್ಲಿಸಿ."

"ನಾನು ನಿಲ್ಲಿಸೋಕೆ ಅದೇನು ನಮ್ಮನೆ ಹುಟ್ಟುಹಬ್ಬವಾ ಸಾರ್ಜೆಂಟ್ರೇ? ಸಿನಿಮಾದವರು ಊರೆಲ್ಲ ಡಂಗುರ ಹೊಡೆಸಿದಾರೆ. ಯಾರೋ ಹುಚ್ಚ ಬರೆದಿದಾನೆ ಅಂತ ನಗ್ತಾರೆ."

"ನಿಮಗೆ ನಗು ಬಂದಿಲ್ಲ."

ಸಂಪಾದಕರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಹುಚ್ಚರು ನಮಗೆ ದಿನಾ ಬರೀತಾರೆ. ಅವರೆಲ್ಲ ಪುಟಗಟ್ಟಲೆ ಬರೀತಾರೆ. ಇಷ್ಟು ಕಮ್ಮಿ ಮಾತಲ್ಲಿ ಯಾರೂ ಬರೆದಿರಲಿಲ್ಲ."

ಪತ್ರಗಳಿಗೆ ಮಹಜರು ಆಯಿತು. ಪಂಚರಾಗಿ ಎದುರು ಅಂಗಡಿಯ ಇಬ್ಬರು ಸಹಿ ಹಾಕಿದರು. ಹಾಳೆಗಳು ದುಮ್ಲಾವ್ ಅವರ ಮೇಜಿನ ಖಾನೆಗೆ ಹೋದವು.

ಅದೇ ದಿನ ಮಧ್ಯಾಹ್ನ ಮೂರಕ್ಕೆ ಅವರು ಪೇದೆ ಪೊನ್ಸೋನನ್ನು ಕರೆದುಕೊಂಡು ಸಾನ್ ಹ್ವಾನ್‌ನ ಸ್ಟುಡಿಯೋಗೆ ಹೋದರು. ಹಾರುವವನ ಹೆಸರು ಬೆರ್ತೋ. ಪರದೆಯ ಮೇಲೆ ಮುಖ ಬೇರೆ ನಟನದು, ಬೀಳುವುದು ಏಳುವುದು ಹಾರುವುದೆಲ್ಲ ಇವನದು. ಹಿಂದೆ ಸರ್ಕಸ್ಸಿನಲ್ಲಿದ್ದವನು. ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ.

"ಈ ಪಟ್ಟಿ ನೋಡಿ ಸಾರ್ಜೆಂಟ್ರೇ," ಎಂದು ಸೊಂಟದ ಕ್ಯಾನ್ವಾಸ್ ಪಟ್ಟಿ ತೋರಿಸಿದ. "ನನ್ನ ಹೆಂಡ್ತಿನೇ ಹೊಲಿದಿದ್ದು. ನಮ್ಮಿಬ್ಬರಿಗೆ ಜಗಳ ಆದ ದಿನ ಮಾತ್ರ ನಾನು ಹಾರೋದಿಲ್ಲ."

"ತಂತಿ ಯಾರ ಕೈಲಿರುತ್ತೆ?"

"ನನ್ನ ಭಾವನ ಕೈಲಿ. ಅವನಿಗೂ ನನಗೂ ಜಗಳ ಇಲ್ಲ, ಅಲ್ಲಿಗೆ ಎರಡು ಕಡೆಯೂ ಭದ್ರ."

ಪೊನ್ಸೋ ನಕ್ಕ. ದುಮ್ಲಾವ್ ನಗಲಿಲ್ಲ. ಪಟ್ಟಿಯ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿದರು.

ಉಡುಪಿನ ಕೋಣೆಯ ತಾಲಿಯಾ, ಎಲ್ಲರ ಬಾಯಲ್ಲಿ ಆಲಿಂಗ್ ತಾಲಿಯಾ ಅಂದರೆ ತಾಲಿಯಮ್ಮ, ಬೇರೆಯೇ ಒಂದು ದೂರು ಹೇಳಿದಳು. ದಾಗಿತ್‌ನ ಉಡುಪು ಮೂರು ಹೊಲಿಸಿದ್ದಳು. ಆಗಸ್ಟ್ ಇಪ್ಪತ್ತಮೂರರಿಂದ ಒಂದು ಕಾಣುತ್ತಿರಲಿಲ್ಲ. ಆ ದಿನ ಚಿತ್ರೀಕರಣ ನೋಡಲೆಂದು ಪತ್ರಿಕೆಯವರೂ ರೇಡಿಯೋದವರೂ ಬಂದಿದ್ದರು.

"ಯಾರೋ ಮಗನಿಗೆ ಅಂತ ಹೊತ್ಕೊಂಡು ಹೋಗಿರ್ತಾರೆ ಬಿಡಿ," ಎಂದ ಪೊನ್ಸೋ.

"ನಿನ್ನ ತಲೆ! ದೊಡ್ಡೋರ ಅಳತೆ ಕಣಪ್ಪ ಅದು," ಎಂದಳು ಆಲಿಂಗ್ ತಾಲಿಯಾ.

ಪೊನ್ಸೋ ಅದನ್ನೂ ದಿನಚರಿಯಲ್ಲಿ ಬರೆದುಕೊಂಡ.

ಆರನೇ ತಾರೀಖು, ಶನಿವಾರ, ಹನ್ನೊಂದು ಗಂಟೆಗೆ ರೇಡಿಯೋ ನಿಲಯ. ಅಲ್ಲಿ ದಾಗಿತ್ ಎಂದರೆ ಒಂದು ಹಳೇ ಕೊಡೆ. ಕೂಲಾಸ್ ಎಂಬ ಶಬ್ದ ಮಾಡುವವನು ಮೈಕಿನ ಮುಂದೆ ಅದನ್ನು ಪಟಪಟನೆ ತೆರೆದು ಮುಚ್ಚಿದರೆ ಊರಿಗೆಲ್ಲ ರೆಕ್ಕೆ ಬಡಿದಂತೆ ಕೇಳುತ್ತಿತ್ತು.

"ದಾಗಿತ್ ಮೇಲೆ ಯಾರಿಗಾದ್ರೂ ಸಿಟ್ಟಿತ್ತಾ?" ಎಂದು ದುಮ್ಲಾವ್ ಕೇಳಿದರು.

ಕೂಲಾಸ್ ಕೊಡೆ ಮಡಚಿ ಯೋಚಿಸಿದ. "ಸಿಟ್ಟು ಅಂತಲ್ಲ. ಮೇ ತಿಂಗಳಲ್ಲಿ ಒಬ್ಬ ಬಂದಿದ್ದ. ಸಣಕಲು ಆಸಾಮಿ, ಎದೆ ಮೇಲೆ ಸೂತಕದ ಕಪ್ಪು ಬಟ್ಟೆ ಚುಚ್ಚಿಕೊಂಡಿದ್ದ. ದಿನಾ ಕತೆ ಮುಗಿದ ಮೇಲೆ 'ಮಕ್ಕಳೇ, ನೀವು ಹಾರಬೇಡಿ' ಅಂತ ಒಂದು ಮಾತು ಹೇಳಿ ಅಂದ."

"ಹೇಳಿದ್ರಾ?"

"ಹನ್ನೊಂದೂವರೆ ನಿಮಿಷ ಕತೆ, ಉಳಿದಿದ್ದು ಸೋಪಿನ ಕಂಪನಿಯದು. ಅದರಲ್ಲಿ ಜಾಗ ಎಲ್ಲಿದೆ ಸ್ವಾಮಿ?"

"ಅವನ ಹೆಸರು?"

"ಕೇಳಲಿಲ್ಲ. ಅರ್ಧ ಗಂಟೆ ಆ ಬೆಂಚಿನ ಮೇಲೆ ಕೂತಿದ್ದ. ನಾನು ಕೊಡೆ ಬಡಿಯೋವಾಗ ಕಿವಿ ಮುಚ್ಚಿಕೊಂಡ."

ಎಂಟನೇ ತಾರೀಖು ಸೋಮವಾರ ಬೆಳಿಗ್ಗೆ ಪೊನ್ಸೋ ಠಾಣೆಯಲ್ಲಿ ಕೂಗಾಡುತ್ತಿದ್ದ. ಸಾರ್ಜೆಂಟರ ಖಾನೆಗೆ ಇರುವೆ ಹತ್ತಿತ್ತು. ಖಾನೆಯಲ್ಲಿ ಬೇರೆ ಮೊಕದ್ದಮೆಗಳ ಕಾಗದಗಳೂ ಇದ್ದವು. ಇರುವೆಗಳು ಅವನ್ನೆಲ್ಲ ದಾಟಿಕೊಂಡು ಆ ಮೂರು ಹಾಳೆಗಳನ್ನೇ ಮುತ್ತಿದ್ದವು.

"ಬೆಲ್ಲ ಸವರಿ ಬರೆದಿದಾನಾ ಬೋಳೀಮಗ?" ಎಂದ ಪೊನ್ಸೋ.

ದುಮ್ಲಾವ್ ಒಂದು ಹಾಳೆಯನ್ನು ಕೊಡವಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಅಕ್ಷರಗಳ ಮೇಲೂ ಕೆಳಗೂ ಸಣ್ಣ ಗೀರು ಕಂಡಿತು. ಯಾರೋ ಪೆನ್ಸಿಲಿನಲ್ಲಿ ಜೋಡಿ ಗೆರೆ ಎಳೆದು, ನಡುವೆ ಬರೆದು, ಆಮೇಲೆ ಗೆರೆ ಅಳಿಸಿದ್ದರು. ಅಳಿಸಿದ ಕಡೆಯಲ್ಲೇ ಇರುವೆ. ಹಾಳೆಯ ಮಡಿಕೆಯಲ್ಲಿ ಬ್ರೆಡ್ಡಿನ ಪುಡಿ ಸಿಕ್ಕಿತು.

"ಬೆದರಿಕೆ ಕಾಗದಕ್ಕೆ ಗೆರೆ ಯಾಕೆ ಎಳೀತಾನೆ ಪೊನ್ಸೋ?"

"ಚೆಂದ ಕಾಣಲಿ ಅಂತ."

"ಎಡಗೈಲಿ ಬರೆದಿದಾನೆ, ಕೈ ಗುರುತು ಸಿಗಬಾರದು ಅಂತ. ಆದ್ರೂ ಗೆರೆ ಬಿಡಲಿಲ್ಲ. ಗೆರೆ ಇಲ್ಲದೆ ಒಂದಕ್ಷರವೂ ಬರೆಯೋಕೆ ಬಾರದವನು ಇವನು."

ಹತ್ತೂ ಮುಕ್ಕಾಲಿಗೆ ಇಬ್ಬರೂ ಪತ್ರಿಕೆಯ ಕಚೇರಿಯಲ್ಲಿದ್ದರು. ಹಿಂದಿನ ಕೋಣೆಯಲ್ಲಿ ಮೂವರು ತಲೆ ಬಗ್ಗಿಸಿ ಕೂತಿದ್ದರು. ಚಿತ್ರ ಬರೆಯುವವರು ಬೇರೆ. ಚಿತ್ರದ ಮೇಲಿನ ಮಾತಿನ ಗುಳ್ಳೆಗಳಿಗೆ ಅಕ್ಷರ ತುಂಬುವವರು ಇವರು. ಮೊದಲು ಪೆನ್ಸಿಲ್ ಗೆರೆ, ಆಮೇಲೆ ಮಸಿ. ಮಸಿ ಒಣಗಿದ ಮೇಲೆ ನಿನ್ನೆಯ ಪಾನ್ ದೆ ಸಾಲ್ ಬನ್ನಿನ ತಿರುಳನ್ನು ಉಂಡೆ ಮಾಡಿ ಗೆರೆಯ ಮೇಲೆ ಉಜ್ಜುತ್ತಿದ್ದರು. ರಬ್ಬರಾದರೆ ಮಸಿ ಮಾಸುತ್ತದೆ, ಬನ್ನಾದರೆ ಮಾಸುವುದಿಲ್ಲ.

"ಎಲ್ಲರೂ ಬನ್ನಿನಲ್ಲೇ ಅಳಿಸ್ತಾರಾ?"

"ನಮ್ಮಲ್ಲಿ ಮೂವರೂ," ಎಂದರು ಸಂಪಾದಕರು. "ಉಳಿದಿದ್ದನ್ನು ತಿಂತಾರೆ ಬೇರೆ."

"ದಾಗಿತ್‌ಗೆ ಮಾತು ಬರೆಯೋರು ಯಾರು?"

"ಆ ಮೂಲೆಯವರು. ಇರೆನಿಯೋ ಸಾಪಿತುಲಾ, ಮರ್ಯಾದೆಗೆ ಮಾಂಗ್ ಇರೆನಿಯೋ ಅಂತೀವಿ. ಮೊದಲ ದಿನದಿಂದ ದಾಗಿತ್ ಬಾಯಿಂದ ಬಂದ ಮಾತೆಲ್ಲ ಅವರ ಕೈಯದೇ. ದೇವರಂಥ ಮನುಷ್ಯ. ಮೇ ತಿಂಗಳಲ್ಲಿ ಒಂದೇ ಒಂದು ಸಲ ತಲೆಹರಟೆ ಮಾಡಿದ್ರು. ಕತೆಗಾರ ಬರೆಯದೇ ಇದ್ದ ಒಂದು ಮಾತನ್ನ ತಾವೇ ಗುಳ್ಳೆಗೆ ಸೇರಿಸಿಬಿಟ್ಟಿದ್ರು. 'ಮಕ್ಕಳೇ, ನೀವು ಹಾರಬೇಡಿ' ಅಂತ. ನಾನು ಬಿಳಿ ಬಣ್ಣ ಹಚ್ಚಿ ಮುಚ್ಚಿದೆ. ದಾಗಿತ್ ಹಾಗಂದ್ರೆ ಪತ್ರಿಕೆ ಯಾರು ಕೊಳ್ತಾರೆ?"

ದುಮ್ಲಾವ್ ಮೂಲೆಗೆ ನಡೆದರು. ಸಣಕಲು ಮನುಷ್ಯ, ನಲವತ್ತಾರರ ವಯಸ್ಸು. ಬಿಸಿಲಿಗೆ ಬಣ್ಣ ಹೋದ ನೀಲಿ ಅಂಗಿ. ಎಡಗಡೆ ಎದೆಯ ಮೇಲೆ ಎರಡು ಬೆರಳಗಲ ಚೌಕವೊಂದು ಮಾತ್ರ ಹೊಸ ಬಟ್ಟೆಯ ಹಾಗೆ ಗಾಢವಾಗಿತ್ತು, ಬಿಸಿಲು ಅಲ್ಲಿಗೆ ತಾಗಿರಲಿಲ್ಲ. ಅದರ ಮೂಲೆಯಲ್ಲಿ ಪಿನ್ನು ಚುಚ್ಚಿದ ಎರಡು ತೂತು.

"ಮಾಂಗ್ ಇರೆನಿಯೋ, ಮನೇಲಿ ಯಾರಾದ್ರೂ ತೀರಿಕೊಂಡ್ರಾ?"

ಲೇಖನಿ ನಿಂತಿತು. "ಇಲ್ಲ."

"ಹೆಂಡ್ತಿ?"

"ಜಪಾನಿಯರು ಊರು ಹಿಡಿದಿದ್ದ ಕಾಲದಲ್ಲೇ ಹೋದಳು."

"ಮಕ್ಕಳು?"

"ಒಬ್ಬ."

"ಎಲ್ಲಿದಾನೆ?"

"ಮನೇಲಿ," ಎಂದ ಇರೆನಿಯೋ. ಅವನ ಲೇಖನಿಯ ತುದಿಯಿಂದ ಒಂದು ಹನಿ ಮಸಿ ದಾಗಿತ್‌ನ ಮುಖದ ಮೇಲೆ ಬಿತ್ತು. ಅದನ್ನು ಅವನು ಒರೆಸಲಿಲ್ಲ.

ಆ ಕ್ಷಣವೇ ಠಾಣೆಗೆ ಕರೆದೊಯ್ಯಬಹುದಿತ್ತು. ದುಮ್ಲಾವ್ ಕರೆದೊಯ್ಯಲಿಲ್ಲ. ಬನ್ನು ಉಜ್ಜುವವರು ಮೂವರಿದ್ದರು, ಅಂಗಿಯ ಮೇಲಿನ ಚೌಕ ಸಾಕ್ಷಿಯಾಗುವುದಿಲ್ಲ. ಮೊದಲು ಮನೆ ನೋಡಿ ಬರೋಣ ಎಂದುಕೊಂಡರು. ಆ ಒಂದು ದಿನದ ತಡವನ್ನು ಅವರು ಕೊನೆತನಕ ಮರೆಯಲಿಲ್ಲ.

ಒಂಬತ್ತನೇ ತಾರೀಖು ಬೆಳಿಗ್ಗೆ ಏಳೂವರೆಗೆ ತೊಂದೋ ಬಡಾವಣೆಯ ಇರೆನಿಯೋ ಮನೆಗೆ ಹೋದರು. ಬಾಗಿಲಿಗೆ ಬೀಗ. ಪಕ್ಕದ ಮನೆಯ ಆಲಿಂಗ್ ಸೆಪಾ ಒಣಮೀನು ತಿರುವಿ ಹಾಕುತ್ತ ಮಾತಾಡಿದಳು.

"ನಿನ್ನೆ ಸಂಜೆ ಒಂದು ಗಂಟು ತಗೊಂಡು ಹೋದ. ಎಲ್ಲಿಗೆ ಅಂದ್ರೆ ಮಾತಿಲ್ಲ. ಮಗ ಹೋದಾಗಿಂದ ಅವನಿಗೆ ಮಾತೇ ಇಲ್ಲ ಬಿಡಿ."

"ಮಗ ಹೇಗೆ ಹೋದ?"

"ದೋಮಿಂಗ್ ತಾನೇ? ಎಂಟು ವರ್ಷ ಅವನಿಗೆ. ಈ ಏಪ್ರಿಲಿನ ಶುಭ ಶುಕ್ರವಾರ, ಅದೂ ಮಧ್ಯಾಹ್ನ ಮೂರು ಗಂಟೆ. ದೇವರು ಶಿಲುಬೆ ಮೇಲೆ ಸತ್ತಿರೋ ಹೊತ್ತಲ್ಲಿ ಹತ್ತಬೇಡ, ಓಡಬೇಡ, ಗಾಯ ಆದ್ರೆ ಮಾಯೋದಿಲ್ಲ ಅಂತ ಎಲ್ಲ ಮಕ್ಕಳಿಗೂ ಹೇಳ್ತೀವಪ್ಪ. ಅವನು ನೀರಿನ ಟ್ಯಾಂಕು ಹತ್ತಿದ. ನನ್ನ ಕೆಂಪು ಹೊದಿಕೆ ಕುತ್ತಿಗೆಗೆ ಕಟ್ಟಿಕೊಂಡಿದ್ದ. ಹತ್ತಬಾರದ ದಿನ ಹತ್ತಿದ, ಹೋದ."

"ನೀವೆಲ್ಲ ಹಾಗೇ ಅಂದ್ರಾ, ಆ ದಿನದ ದೋಷ ಅಂತ?"

"ಪಾದ್ರಿನೂ ಹಾಗೇ ಅಂದ್ರು. ಅವನಪ್ಪ ಒಬ್ಬನೇ ತಲೆ ಅಲ್ಲಾಡಿಸ್ತಾ ಕೂತಿದ್ದ."

ಆ ಶುಕ್ರವಾರದಿಂದ ಭಾನುವಾರದ ತನಕ ಕಚೇರಿಗೆ ರಜೆ. ಆಮೇಲೆ ಇರೆನಿಯೋ ಎರಡೇ ದಿನ ಜ್ವರ ಎಂದು ಹೇಳಿಕಳಿಸಿದ್ದ. ಮೂರನೇ ದಿನ ದಾಗಿತ್‌ನ ಪುಟ ಅವನ ಮೇಜಿಗೆ ಬಂದಿತ್ತು, ಬರೆದು ಕೊಟ್ಟಿದ್ದ. ಕಪ್ಪು ಬಟ್ಟೆಯನ್ನು ಕಚೇರಿಯ ಮೆಟ್ಟಿಲಲ್ಲಿ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ.

ಪಂಚರ ಮುಂದೆ ಬೀಗ ಒಡೆದು ಮನೆ ನೋಡಿದರು. ಒಂದು ಚಾಪೆ, ಒಂದು ಮೇಜು. ಗೋಡೆಗೆ ಅಂಟಿಸಿದ್ದ ಒಂದೇ ಒಂದು ಪುಟ, ಅಚ್ಚಾಗುವ ಮೊದಲಿನದು. ಅದರಲ್ಲಿ ದಾಗಿತ್ ಕೋಟೆಯ ಬುರುಜಿನಿಂದ ಹಾರುತ್ತಿದ್ದ. ಗುಳ್ಳೆಯಲ್ಲಿ ಅಚ್ಚುಕಟ್ಟಾದ ಅಕ್ಷರಗಳಿದ್ದವು: "ನಂಬಿದವನು ಬೀಳುವುದಿಲ್ಲ."

ಪೊನ್ಸೋ ಅದನ್ನು ಗಟ್ಟಿಯಾಗಿ ಓದಿದ.

ಹತ್ತು ದಿನ ಹುಡುಕಿದರು. ಬಂದರು, ರೈಲು ನಿಲ್ದಾಣ, ಕಿಯಾಪೋ ಇಗರ್ಜಿಯ ಜಗಲಿ. ಎಲ್ಲಿಯೂ ಇಲ್ಲ. ಸ್ಟುಡಿಯೋದವರು ಹಾರಾಟ ನಿಲ್ಲಿಸಲು ಒಪ್ಪಲಿಲ್ಲ, ಮೇಲಧಿಕಾರಿಗಳು ಒತ್ತಾಯ ಮಾಡಲೂ ಇಲ್ಲ. ಹತ್ತೊಂಬತ್ತರ ಸಂಜೆ ಆರಕ್ಕೆ ಥಿಯೇಟರಿನ ಬಾಗಿಲಿಗೆ ಕಾವಲು ಹಾಕಿದರು.

ಇಪ್ಪತ್ತನೇ ತಾರೀಖು, ಶನಿವಾರ. ಎರಡು ಗಂಟೆಗೇ ಅವೆನಿಡಾದಲ್ಲಿ ಜನ ಸಾಗಿಸುವ ಜೀಪ್ನಿ ಗಾಡಿಗಳು ನಿಂತುಹೋದವು. ಕಂಬದ ಮೇಲೆ, ಲಾರಿಗಳ ಮೇಲೆ, ಅಪ್ಪಂದಿರ ಹೆಗಲ ಮೇಲೆ, ಎಲ್ಲೆಲ್ಲೂ ಮಕ್ಕಳು. ಅರ್ಧಕ್ಕರ್ಧ ಮಕ್ಕಳ ಕುತ್ತಿಗೆಯಲ್ಲಿ ಕೆಂಪು ಬಟ್ಟೆ. ಟವೆಲು, ಲಂಗದ ಚೂರು, ಪರದೆ. ಥಿಯೇಟರಿನ ಮಾಡಿನ ಅಂಚಿಗೆ ಬಿದಿರು ಕಟ್ಟಿ ಆಳೆತ್ತರದ ಅಕ್ಷರಗಳ ಬಟ್ಟೆ ಹಾಕಿದ್ದರು: "ದಾಗಿತ್ ಹಾರುತ್ತಾನೆ." ಅದನ್ನು ಆಗಸ್ಟಿನಲ್ಲೇ ಬರೆಸಿ ಕಟ್ಟಿದ್ದರು.

ಮೂರೂವರೆಗೆ ದುಮ್ಲಾವ್ ಮಾಡಿನ ಮೇಲೆ ನಿಂತು ತಂತಿಯನ್ನು ತಾವೇ ಕೈಯಾಡಿಸಿ ನೋಡಿದರು. ಕೊಕ್ಕೆ, ರಾಟೆ, ಬೆರ್ತೋನ ಪಟ್ಟಿ. ಎಲ್ಲಿಯೂ ಒಂದು ಎಳೆ ಸಡಿಲವಿರಲಿಲ್ಲ. ಮರಳಿನ ಮೂಟೆಯನ್ನು ಎರಡು ಸಲ ಆಚೆಗೆ ಕಳಿಸಿದರು, ಎರಡು ಸಲವೂ ತಲುಪಿತು. ಆದರೂ ಇನ್ನೊಂದು ಸಲ ಕೊಕ್ಕೆ ಎಳೆದು ನೋಡಿದರು.

"ಏನ್ ಸಾರ್ಜೆಂಟ್ರೇ, ತಂತಿ ಹರೀಲಿಲ್ಲ ಅಂತ ಬೇಜಾರಾ?" ಎಂದ ಬೆರ್ತೋ.

ಆಲಿಂಗ್ ತಾಲಿಯಾ ಉಡುಪಿನ ಪೆಟ್ಟಿಗೆ ತಂದಿಟ್ಟಳು. "ಎರಡೇ ಉಳಿದಿರೋದು. ಹರ್ಕೊಂಡು ಬರಬೇಡ ಕಣೋ."

"ಆ ಮೂರನೇದು ಇವನ ಅಳತೆನಾ?" ಎಂದು ದುಮ್ಲಾವ್ ತಟ್ಟನೆ ಕೇಳಿದರು.

"ಈ ಕೋಣಕ್ಕೆ ಅದೆಲ್ಲಿ ಹತ್ತುತ್ತೆ? ದೂರದಿಂದ ತೆಗೆಯೋ ಚಿತ್ರಕ್ಕೆ ಅಂತ ಸಣ್ಣಾಳಿಗೆ ಹೊಲಿದಿದ್ದೆ. ಕಡ್ಡಿಯಂಥವನಿಗೆ ಆಗೋದು."

ತಂತಿ ಕತ್ತರಿಸಬೇಕೆನ್ನುವವನಿಗೆ ಉಡುಪು ಬೇಕಾಗಿರಲಿಲ್ಲ. ಅದು ದುಮ್ಲಾವ್‌ಗೆ ಆಗ ಹೊಳೆಯಿತು. ಹದಿನಾರು ದಿನ ಅವರು ತಪ್ಪು ಮನುಷ್ಯನನ್ನು ಕಾಯುತ್ತಿದ್ದರು.

"ಈ ಬಟ್ಟೆಯ ಅಕ್ಷರ ಬರೆದೋರು ಯಾರು?"

"ಪತ್ರಿಕೆಯಿಂದ ಒಬ್ಬರನ್ನ ಕಳಿಸಿದ್ರು. ಸಣಕಲು ಮನುಷ್ಯ. ನಾಲ್ಕು ದಿನ ಇಲ್ಲೇ ಮೇಲೆ ಕೂತು ಬರೆದ್ರು," ಎಂದ ಬೆರ್ತೋನ ಭಾವ.

ಮೂರು ಐವತ್ತು. ದುಮ್ಲಾವ್ ಬಿದಿರಿನ ಚೌಕಟ್ಟಿನ ಹಿಂದಕ್ಕೆ ಬಗ್ಗಿ ಹೋದರು. ಬಟ್ಟೆಗೂ ಮಾಡಿನ ಕಟ್ಟೆಗೂ ನಡುವೆ ಒಬ್ಬರು ಕೂರುವಷ್ಟು ಹಲಗೆ ಇತ್ತು. ಬನ್ನಿನ ಪೊಟ್ಟಣ, ನೀರಿನ ಬಾಟಲಿ. ಕಾವಲು ಹಾಕುವ ಮೊದಲೇ ಹತ್ತಿ ಕೂತಿದ್ದ. ಮೇಲಿನ ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟಿದ್ದ. ಹೆಗಲಿನಿಂದ ಕೆಂಪು ಬಟ್ಟೆ ಇಳಿಬಿದ್ದಿತ್ತು, ಎದೆಯ ಮೇಲೆ ದಾಗಿತ್‌ನ ಚಿಹ್ನೆ, ಅದರ ಮೇಲೆ ಕಪ್ಪು ಚೂರು ಚುಚ್ಚಿಕೊಂಡಿದ್ದ. ಕಾಲು ಹೊರಗೆ ತೂಗುತ್ತಿತ್ತು. ಕೆಳಗೆ ನಾಲ್ಕು ಮಹಡಿ.

"ಹತ್ತಿರ ಬರಬೇಡಿ ಸಾರ್ಜೆಂಟ್ರೇ."

"ಬರೋದಿಲ್ಲ. ಇಲ್ಲೇ ಕೂರ್ತೀನಿ, ಮಂಡಿನೋವು." ದುಮ್ಲಾವ್ ಮೂರು ಮಾರು ದೂರದಲ್ಲಿ ಕೂತರು.

"ತಂತಿ ಮೇಲೆ ಹಾರೋ ಆ ಹುಡುಗನಿಗೆ ನಾನೇನೂ ಮಾಡಿಲ್ಲ. ಅವನು ಹಾರೋ ಮೊದಲು ನಾನು ಹೋಗ್ತೀನಿ. ಮಕ್ಕಳು ಒಂದು ಸಲ ನೋಡಿದ್ರೆ ಸಾಕು. ದಾಗಿತ್ ಬೀಳ್ತಾನೆ, ಮೂಳೆ ಮುರಿಯುತ್ತೆ, ಏಳೋದಿಲ್ಲ. ಆಮೇಲೆ ಯಾರೂ ಹತ್ತೋದಿಲ್ಲ. ಹೇಳೋ ಕಡೆಯಲ್ಲೆಲ್ಲ ಹೇಳಿ ನೋಡಿದೆ. ಯಾರೂ ಜಾಗ ಕೊಡಲಿಲ್ಲ."

"ಗೊತ್ತು. ರೇಡಿಯೋದ ಬೆಂಚು ನೋಡಿ ಬಂದೆ. ಬಿಳಿ ಬಣ್ಣದ ಸುದ್ದಿನೂ ಕೇಳಿದೆ."

ಕೆಳಗಿನ ಗದ್ದಲ ಏರುತ್ತಿತ್ತು. ಮಕ್ಕಳು ತಾಳ ಹಾಕಿ ಹೆಸರು ಕೂಗತೊಡಗಿದ್ದರು.

"ಒಂದು ಮಾತು ಕೇಳ್ತೀನಿ, ಆಮೇಲೆ ನಿಮ್ಮಿಷ್ಟ," ಎಂದರು ದುಮ್ಲಾವ್. "ನೀವು ಬಿದ್ರಿ ಅಂತಿಟ್ಕೊಳ್ಳಿ. ದಾಗಿತ್ ಸತ್ತ ಅಂತಾರಾ ಮಕ್ಕಳು? ಇವನು ಕಳ್ಳ ದಾಗಿತ್ ಅಂತಾರೆ. ನಿಮ್ಮ ಮನೆ ಗೋಡೆ ಮೇಲಿರೋ ಮಾತು ಅವರಿಗೆಲ್ಲ ಬಾಯಿಪಾಠ. ಇವನು ನಂಬಲಿಲ್ಲ, ಅದಕ್ಕೇ ಬಿದ್ದ ಅಂತಾರೆ. ನಾನು ಗಟ್ಟಿಯಾಗಿ ನಂಬ್ತೀನಿ ಅಂತ ಹೊರಡ್ತಾರೆ."

ಗಾಳಿಗೆ ಬಟ್ಟೆ ಪಟಪಟ ಬಡಿಯಿತು. ಇರೆನಿಯೋ ಕಿವಿ ಮುಚ್ಚಿಕೊಂಡ. ಹಾಗೆ ಮುಚ್ಚಿಕೊಂಡೇ ಒಂದೊಂದಾಗಿ ಕಾಲು ಒಳಗೆ ಎಳೆದುಕೊಂಡ.

ದಸ್ತಗಿರಿ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಬೇಡಿ ಹಾಕಲಿಲ್ಲ. ಪೊನ್ಸೋ ತನ್ನ ಮಳೆ ಅಂಗಿಯನ್ನು ಅವನ ಉಡುಪಿನ ಮೇಲೆ ಹೊದಿಸಿದ, ಮಕ್ಕಳ ಕಣ್ಣಿಗೆ ಬೀಳದಿರಲಿ ಎಂದು. ಹಿಂಬದಿಯ ಮೆಟ್ಟಿಲು ಇಳಿಯುತ್ತಿದ್ದಾಗ ನಾಲ್ಕೂವರೆಯಾಯಿತು. ಗೋಡೆಯಾಚೆ ಹತ್ತು ಸಾವಿರ ಗಂಟಲು ಒಂದೇ ಸಲ ಉಸಿರೆಳೆದುಕೊಂಡವು, ಆಮೇಲೆ ಕಟ್ಟಡ ನಡುಗುವಂತೆ ಕೇಕೆ ಎದ್ದಿತು. ಬೆರ್ತೋ ಆಚೆ ತಲುಪಿದ್ದ.

ಇರೆನಿಯೋ ಮೆಟ್ಟಿಲಲ್ಲಿ ಕೂತುಬಿಟ್ಟ. "ನನ್ನನ್ನ ಆಮೇಲೆ ಕರ್ಕೊಂಡು ಹೋಗಿ ಸಾರ್ಜೆಂಟ್ರೇ. ಕೈಮುಗೀತೀನಿ. ಮೊದಲು ಮಾಡುಗಳನ್ನ ನೋಡಿ."

ದುಮ್ಲಾವ್ ಠಾಣೆಯಲ್ಲಿದ್ದ ಅಷ್ಟೂ ಪೇದೆಗಳನ್ನು ಬೀದಿಗೆ ಕಳಿಸಿದರು. ಅವತ್ತಿನ ದಿನಚರಿಯಲ್ಲಿ ಪೊನ್ಸೋನ ಕೈಬರಹದಲ್ಲಿ ಹೀಗಿದೆ: ಸಂಜೆ ಐದರಿಂದ ಏಳರವರೆಗೆ ಸಾಂತಾ ಕ್ರೂಸ್, ಕಿಯಾಪೋ ಭಾಗದ ತಗಡಿನ ಮಾಡು, ಗೋಡೆ ಹಾಗೂ ಮಾವಿನ ಮರಗಳಿಂದ ಹನ್ನೊಂದು ಮಕ್ಕಳನ್ನು ಕೆಳಗಿಳಿಸಲಾಯಿತು. ಎಲ್ಲರ ಕುತ್ತಿಗೆಯಲ್ಲೂ ಕೆಂಪು ಬಟ್ಟೆ ಇತ್ತು. ತೊಂದೋ ಕಡೆಗೆ ಹೋಗಲು ಆಳು ಸಾಲಲಿಲ್ಲ.

ಆರೋಪ ಪಟ್ಟಿಯಲ್ಲಿ ಎರಡೇ ಅಪರಾಧ: ಬೆದರಿಕೆ ಪತ್ರ ಬರೆದದ್ದು, ಒಂದು ಉಡುಪು ಕದ್ದದ್ದು. ಇರೆನಿಯೋ ಎರಡನ್ನೂ ಒಪ್ಪಿಕೊಂಡ. ಹೇಳಿಕೆ ಬರೆದುಕೊಳ್ಳುವಾಗ ದುಮ್ಲಾವ್ ಒಂದೇ ಪ್ರಶ್ನೆ ಹೆಚ್ಚಿಗೆ ಕೇಳಿದರು. ಊರಿಗೆಲ್ಲ ಪತ್ರಿಕೆ ಹೋಗುತ್ತದೆ, ರೇಡಿಯೋ ಕೇಳುತ್ತದೆ, ಹಾಗಿರುವಾಗ ಎಲ್ಲ ತಪ್ಪನ್ನೂ ತನ್ನ ತಲೆಗೇ ಯಾಕೆ ಕಟ್ಟಿಕೊಂಡ ಎಂದು.

ಅವನು ನಿಧಾನವಾಗಿ ಹೇಳಿದ, ದುಮ್ಲಾವ್ ಬರೆದುಕೊಂಡರು. ಗೋಡೆಯ ಮೇಲಿದ್ದ ಆ ಪುಟ ಆಗ ಇನ್ನೂ ಅಚ್ಚಾಗಿರಲಿಲ್ಲ. ಊರಲ್ಲಿ ಬೇರೆ ಯಾವ ಮಗುವೂ ಅದನ್ನು ನೋಡಿರಲಿಲ್ಲ. ಮಗ ಕಾಯಲಾರ ಎಂದು ಶುಭ ಶುಕ್ರವಾರದ ಮುನ್ನಾದಿನ, ಗುರುವಾರ, ತಾನೇ ಮನೆಗೆ ತಂದಿದ್ದ. ದೋಮಿಂಗ್ ಅಕ್ಷರಕ್ಷರ ಕೂಡಿಸಿ ಓದಿ, "ಇದು ನಿಜವಾ ಅಪ್ಪಾ?" ಎಂದು ಕೇಳಿದ. ದಿನವಿಡೀ ಬಗ್ಗಿ ಬರೆದು ಸೊಂಟ ಹಿಡಿದಿತ್ತು. ತಾನು ಮಲಗಿದ್ದಲ್ಲಿಂದಲೇ ನಕ್ಕು, "ನಿಮ್ಮಪ್ಪ ಬರೆದಿದ್ದು ಸುಳ್ಳಾಗುತ್ತೇನೋ?" ಎಂದಿದ್ದ.